ಮಾರಮ್ಮನಿಗೆ ಬೆನ್ನು ತೋರಿಸದ ವ್ಯಾನು

ಭೇರ್ಯದಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಹೊಂಗೆಕೊಪ್ಪಲು ಎಂಬ ಊರಿದೆ. ಕೂಗುವವನು ಕಂಠಪ್ಪನಾಗಿದ್ದರೆ ಅದು ಕೆ.ಆರ್. ನಗರಕ್ಕೂ ಕೇಳಿಸುತ್ತದೆ, ಆ ಮಾತು ಬೇರೆ. ಈ ಊರಿನಲ್ಲಿ ವ್ಯಾನು ಇಟ್ಟವರು ಇಬ್ಬರು. ಮುಂದಕ್ಕೆ ಓಡಿಸುವವನು ಕಾಂತರಾಜು. ಹಿಂದಕ್ಕೆ ಓಡಿಸುವವನು ಕಂಠಪ್ಪ.

ಕಂಠಪ್ಪ ಹುಟ್ಟುವಾಗಲೇ ತಲೆಯ ಬದಲು ಕಾಲು ಮುಂದೆ ಮಾಡಿಕೊಂಡು ಬಂದವನು. ಸೂಲಗಿತ್ತಿ ಬೆವರು ಒರೆಸಿಕೊಳ್ಳುತ್ತ, 'ಈ ಐದ ರಿವರ್ಸಲ್ಲೇ ಬಂದ ಕಣವ್ವ' ಎಂದಳಂತೆ. ಆ ಕಾಲಕ್ಕೆ ಊರಲ್ಲಿ ಎತ್ತಿನ ಗಾಡಿ ಬಿಟ್ಟರೆ ಬೇರೆ ಗಾಡಿಯೇ ಇರಲಿಲ್ಲ, ಆಕೆಗೆ ಆ ಮಾತು ಎಲ್ಲಿಂದ ಸಿಕ್ಕಿತೋ ಮಾರಮ್ಮನೇ ಬಲ್ಲಳು. ದೊಡ್ಡವನಾದ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ. ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡುವುದೆಂದರೆ ಇಬ್ಬರು ಅತ್ತಿಗೆ ನಾದಿನಿಯರನ್ನು ಒಂದೇ ಮಾತಿಗೆ ಒಪ್ಪಿಸಿದ ಹಾಗೆ. ಒಂದು ಎಡಕ್ಕೆ ಎಂದರೆ ಇನ್ನೊಂದು ಬಲಕ್ಕೇ ಎನ್ನುತ್ತದೆ. ಕಂಠಪ್ಪ ಮಾತ್ರ ಬಲಗಡೆ ಕತ್ತು ಹೊರಗೆ ಹಾಕಿ, ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಕಬ್ಬಿನ ಜಲ್ಲೆ ಹಿಡಿದು ಅಗಿಯುತ್ತ ಸೂಜಿಗೆ ದಾರ ಪೋಣಿಸಿದಂತೆ ಗಾಡಿ ಒಳಗೆ ಬಿಡುತ್ತಿದ್ದ. ಒಮ್ಮೆ ಸಕ್ಕರೆ ಕಾರ್ಖಾನೆಯಿಂದ ಊರವರೆಗೂ ಹಿಂದಕ್ಕೇ ಬಂದನಂತೆ, ದಾರಿಯಲ್ಲಿ ಡೀಸೆಲ್ಲು ಖರ್ಚಾಗುವ ಬದಲು ಟ್ಯಾಂಕು ತುಂಬಿಕೊಂಡಿತಂತೆ. ಡೀಸೆಲ್ಲಿನ ಮಾತು ಕೊಂಚ ಹೆಚ್ಚಾಯಿತು ಎನ್ನುವವರೂ ಊರಲ್ಲಿದ್ದಾರೆ. ಹಿಂದಕ್ಕೆ ಬಂದ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ. ಅವನ ಕತ್ತು ಆಗಿನಿಂದಲೇ ಬಲಕ್ಕೆ ನಿಂತುಬಿಟ್ಟಿದೆ. ಮದುವೆಯ ಫೋಟೋದಲ್ಲೂ ಹೆಂಡತಿಯನ್ನು ಬಿಟ್ಟು ಹಿಂದೆ ಯಾರು ಬರುತ್ತಿದ್ದಾರೆಂದು ನೋಡುತ್ತಿದ್ದಾನೆ.

ಎರಡು ವರ್ಷದ ಹಿಂದೆ ಹೊಸ ವ್ಯಾನು ತಂದ. ಹೊಗೆಸೊಪ್ಪು ಕೊಯ್ಯುವ ಕಾಲದಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಲಗಳಿಗೆ ಸೊಪ್ಪು ಮುರಿಯಲು ಹೆಣ್ಣಾಳುಗಳು ಬೇಕು. ಹೊಂಗೆಕೊಪ್ಪಲಿನ ಹೆಂಗಸರ ಗುಂಪನ್ನು ಬೆಳಗ್ಗೆ ಹೊಲಕ್ಕೆ ಮುಟ್ಟಿಸಿ ಸಂಜೆ ಮನೆಗೆ ಮುಟ್ಟಿಸುವುದು ಕಂಠಪ್ಪನ ಕೆಲಸ. ಆ ಗುಂಪಿನ ಮೇಸ್ತ್ರಿ ಪುಟ್ಟಮಾದಮ್ಮ. ಆಕೆ ಹೂಂ ಎಂದರೆ ಗಾಡಿ ತುಂಬ ಜನ, ಉಹೂಂ ಎಂದರೆ ಖಾಲಿ ಗಾಡಿ.

ಈಗ ಕಂಠಪ್ಪನ ಮನೆಯ ಓಣಿಯ ವಿಷಯ. ಓಣಿಯ ತುದಿಯಲ್ಲಿ ಮಾರಮ್ಮನ ಗುಡಿ, ಗುಡಿಯ ಮುಂದೆ ಒಂದು ಗಾಡಿ ತಿರುಗುವಷ್ಟು ಅಂಗಳ, ಅಂಗಳಕ್ಕೆ ಅಂಟಿಕೊಂಡು ಕಂಠಪ್ಪನ ಮನೆ. ಅಲ್ಲಿಂದಾಚೆ ದಾರಿಯಿಲ್ಲ. ಗುಡಿಯ ಪೂಜೆ ತಲೆತಲಾಂತರದಿಂದ ಆ ಮನೆಯವರದೇ, ಈಗ ಮಾಡುವವಳು ಅವನ ಅವ್ವ ಚಾಮುಂಡಮ್ಮ. ದೇವಿಯ ದರ್ಶನ ಮಾಡಿದವರು ಬೆನ್ನು ತೋರಿಸದೆ ಹಿಂದಡಿಯಿಡುತ್ತ ಹೊರಗೆ ಬರುವುದು ಆ ಗುಡಿಯ ಪದ್ಧತಿ. ಜನಕ್ಕಾದರೆ ಹೊಸ್ತಿಲವರೆಗೆ ನಡೆದರೆ ಸಾಕು. ಆದರೆ ವ್ಯಾನು ತಂದ ದಿನ ಚಾಮುಂಡಮ್ಮ ಅದರ ಮೂತಿಗೆ ಕುಂಕುಮವಿಟ್ಟು, 'ತಾಯಿ, ಈ ಗಾಡಿ ದಿನಾ ರಾತ್ರಿ ನಿನ್ ಮುಂದೇನೇ ಮಲಗ್ತದೆ, ನಿಂಗೆ ಬೆನ್ನು ತೋರ್ಸಾಕಿಲ್ಲ' ಎಂದು ಹರಕೆ ಹೊತ್ತುಬಿಟ್ಟಳು. ಓಣಿಯೋ ನೂಲು ಹಿಡಿದಂತೆ ನೇರ. ಗರ್ಭಗುಡಿಯಲ್ಲಿ ಕುಳಿತ ಮಾರಮ್ಮನಿಗೆ ಓಣಿಯ ಬಾಯಲ್ಲಿರುವ ನೀರಿನ ತೊಂಬೆಯವರೆಗೂ ಕಾಣುತ್ತದೆ.

ಅಂದಮೇಲೆ ಇನ್ನೇನು? ಕಂಠಪ್ಪ ಸಂಜೆ ನೇರವಾಗಿ ಒಳಗೆ ಬರುತ್ತಿದ್ದ. ಬೆಳಗ್ಗೆ ಗುಡಿಯಿಂದ ತೊಂಬೆಯವರೆಗೆ ರಿವರ್ಸಿನಲ್ಲೇ ಹೊರಡುತ್ತಿದ್ದ. ನಡುವೆ ಒಬ್ಬರ ಜಗಲಿ, ಒಬ್ಬರ ತಿಪ್ಪೆ, ಒಬ್ಬರ ಎಮ್ಮೆ, ಒಂದು ಒರಳುಕಲ್ಲು. ಎರಡು ವರ್ಷದಲ್ಲಿ ಒಂದು ಕೋಳಿಮರಿಯ ಪುಕ್ಕಕ್ಕೂ ತಾಗಿಸಲಿಲ್ಲ. ಎದುರು ಮನೆಯವರು ಜಗಲಿಯ ಅಂಚಿನಲ್ಲಿ ತುಂಬಿದ ಲೋಟ ಇಟ್ಟರೆ ಅದರೊಳಗಿನ ಕಾಫಿ ಕೂಡ ಅಲುಗುತ್ತಿರಲಿಲ್ಲ.

ಇದಕ್ಕೆಂದೇ ಅವನು ಕೆ.ಆರ್. ನಗರದಲ್ಲಿ ರಿವರ್ಸ್ ಹಾಕಿದ ಕೂಡಲೇ ಹಾಡುವ ಪೆಟ್ಟಿಗೆಯೊಂದನ್ನು ಹಾಕಿಸಿದ್ದ. ಬೆಳಗಾಗುತ್ತಲೇ ಪೀಪಿಯಂಥ ದನಿಯಲ್ಲಿ ಅದು ಓಣಿಯುದ್ದಕ್ಕೂ ಹಾಡುತ್ತಿತ್ತು. ಊರಿಗೆ ಬೇರೆ ಅಲಾರಂ ಬೇಕಾಗಲಿಲ್ಲ. ಹುಂಜಗಳಂತೂ ಹಾಡು ಕೇಳಿ ಎದ್ದು, ಅಯ್ಯೋ ತಡವಾಯಿತಲ್ಲ ಎಂದು ನಾಚಿ, ಕೂಗುವುದನ್ನೇ ಬಿಟ್ಟಿದ್ದವು.

ಸೊಪ್ಪು ಮುರಿಯುವ ಕೆಲಸ ಭರ್ಜರಿಯಾಗಿ ನಡೆಯುತ್ತಿದ್ದ ಒಂದು ಬೆಳಗ್ಗೆ ಕಂಠಪ್ಪ ಎಂದಿನಂತೆ ರಿವರ್ಸ್ ಹಾಕಿದ. ಹಾಡು ಬಂತು. ಗಾಡಿ ಬರಲಿಲ್ಲ. ಕೆಳಗೆ ಕಟಕಟ ಎಂದು ಯಾರೋ ಹುರಿಗಡಲೆ ತಿಂದ ಸದ್ದಾಯಿತು, ಅಷ್ಟೆ. ಮತ್ತೆ ಹಾಕಿದ. ಮತ್ತೆ ಹಾಡು, ಮತ್ತೆ ಹುರಿಗಡಲೆ.

"ಏನ್ಲಾ ಕಂಠಪ್ಪ, ಇವತ್ತು ಬರೀ ಸಂಗೀತ ಕಚೇರಿನೇನ್ಲಾ? ಪಯಣ ಇಲ್ವಾ?" ಒಳಗೆ ಕುಳಿತ ಪುಟ್ಟಮಾದಮ್ಮ ಕೇಳಿದಳು.

"ಇಳೀರಿ ಪುಟ್ಮಾದಕ್ಕ. ಒಂಚೂರು ತಳ್ಳಬೇಕು."

ಹೆಂಗಸರೆಲ್ಲ ಇಳಿದು, ಸೀರೆ ಎತ್ತಿಕಟ್ಟಿ, ಗಾಡಿಯ ಮೂತಿಗೆ ಕೈಕೊಟ್ಟು, "ಐಲಸಾ" ಎಂದು ಗುಡಿಯಿಂದ ತೊಂಬೆಯವರೆಗೆ ಹಿಂದಕ್ಕೆ ತಳ್ಳಿದರು. ಪೆಟ್ಟಿಗೆ ಹಾಡುತ್ತಲೇ ಇತ್ತು. ಮಾರನೆಯ ದಿನವೂ ತಳ್ಳಿದರು. ಮೂರನೆಯ ದಿನ ತೊಂಬೆಯ ಹತ್ತಿರ ಪುಟ್ಟಮಾದಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸೊಪ್ಪು ಮುರಿಯೋಕೆ ಕೂಲಿ ಕೊಡ್ತಾರೆ ಕಣ್ಲಾ. ನಿನ್ ಗಾಡಿ ತಳ್ಳಕ್ಕೆ ನಮ್ಗೆ ಯಾರ್ಲಾ ಕೊಡ್ತಾರೆ? ಒಲಕ್ಕೋಗೋ ಒತ್ಗೆ ತೋಳೆಲ್ಲ ಬಿದ್ದೋಗಿರ್ತವೆ. ರಾತ್ರಿ ಇಲ್ಲೇ ತೊಂಬೆತಾವ ನಿಲ್ಸಬಾರ್ದಾ?"

"ಅವ್ವನ ಹರಕೆ ಕಣಕ್ಕ."

"ಹರಕೆ ನಿಮ್ಮವ್ವಂದು, ತಳ್ಳೋ ತೋಳು ನಮ್ದಾ? ಈ ತಿಂಗಳು ಮುಗಿಯೋಗಂಟ ನೋಡ್ತೀವಿ. ಅಷ್ಟ್ರಲ್ಲಿ ಗಾಡಿ ತಾನಾಗೇ ಇಂದ್ಕೆ ಓಗ್ಬೇಕು. ಇಲ್ಲಾಂದ್ರೆ ನಾವು ಕಾಂತರಾಜನ ಗಾಡಿ ಅತ್ತೀವಿ, ಬೇಜಾರ್ ಮಾಡ್ಕಬ್ಯಾಡ."

ಕಂಠಪ್ಪ ಬಗ್ಗಿ ಗಾಡಿಯ ಅಡಿ ನೋಡಿದ. ಗುಂಪು ಹೋದರೆ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಹೋಗುವುದು ಕಾಂತರಾಜನ ಗಾಡಿಗೆ. 'ಮುಂದ್ಗಡೆ ಲೈಟು ಕೊಟ್ಟಿರೋದು ಮುಂದಕ್ಕೋಗಕ್ಕೆ ಕಣಣ್ಣ' ಎಂದು ಎರಡು ವರ್ಷದಿಂದ ಚಹಾ ಅಂಗಡಿಯಲ್ಲಿ ಹಲ್ಲು ಕಿರಿಯುತ್ತಿದ್ದವನು ಅವನು.

ಗಾಡಿಗೆ ಕಂಪನಿಯ ಗ್ಯಾರಂಟಿ ಇನ್ನೂ ಇತ್ತು. ಮೊದಲು ಕಂಪನಿಯ ನಂಬರಿಗೆ ಫೋನು ಮಾಡಿದ. ಕನ್ನಡಕ್ಕೆ ಒಂದನ್ನು ಒತ್ತಿ ಎಂದಿತು, ಒತ್ತಿದ. ದೂರಿಗೆ ನಾಲ್ಕನ್ನು ಒತ್ತಿ ಎಂದಿತು, ಒತ್ತಿದ. ದಯವಿಟ್ಟು ಕಾಯಿರಿ ಎಂದು ಸಂಗೀತ ಹಾಕಿತು. ಅವನು ಕಾಯುತ್ತಿದ್ದಂತೆ ಹಿತ್ತಲಿನ ಪಡವಲ ಬಳ್ಳಿ ಹೂ ಬಿಟ್ಟು, ಕಾಯಿ ಬಿಟ್ಟು, ಹುಳಿಯಾಗಿ ತಟ್ಟೆಗೆ ಬಂತು. ಕೊನೆಗೊಂದು ಹೆಣ್ಣುದನಿ, "ಸಾರ್, ನಿಮ್ಮ ಹತ್ತಿರದ ಸರ್ವಿಸ್ ಸೆಂಟರನ್ನು ಸಂಪರ್ಕಿಸಿ" ಎಂದಿತು.

ಸರ್ವಿಸ್ ಸೆಂಟರ್ ಇದ್ದದ್ದು ಹುಣಸೂರಿನಲ್ಲಿ. ರಿವರ್ಸ್ ಇಲ್ಲದ ಗಾಡಿಯಲ್ಲಿ ಹೊರಟ ಕಂಠಪ್ಪನಿಗೆ ಆ ದಿನ ಲೋಕವೇ ಬೇರೆಯಾಗಿ ಕಂಡಿತು. ಎಲ್ಲಿ ಮೂತಿ ತೂರಿಸಿದರೂ ಹೊರಗೆ ಬರುವ ದಾರಿ ಮೊದಲು ನೋಡಬೇಕು. ಚಹಾ ಅಂಗಡಿಯ ಮುಂದೆ ನಿಲ್ಲಿಸುವ ಹಾಗಿಲ್ಲ, ನೆಂಟರ ಮನೆಗೆ ತಿರುಗುವ ಹಾಗಿಲ್ಲ. ಕಿರಿದಾದ ಸೇತುವೆಯೊಂದರ ಮೇಲೆ ಎದುರಿಗೊಂದು ಶುಂಠಿ ಲಾರಿ ಬಂದು ಮುಖಕ್ಕೆ ಮುಖ ಕೊಟ್ಟು ನಿಂತಿತು.

"ಅಣ್ಣ, ಸ್ವಲ್ಪ ಹಿಂದಕ್ಕೆ ತಗೋ," ಎಂದ ಲಾರಿಯವನು.

"ನನ್ ಕೈಲಿ ಆಗಲ್ಲ," ಎಂದ ಕಂಠಪ್ಪ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂತು. ಲಾರಿಯವನು ಗೊಣಗುತ್ತ ತಾನೇ ಹಿಂದಕ್ಕೆ ಬಿಟ್ಟ, ಅದೂ ಹಾವು ಹರಿದ ಹಾಗೆ ಅಂಕುಡೊಂಕಾಗಿ. ನೋಡಲಾರದೆ ಕಂಠಪ್ಪನೇ ಇಳಿದು, "ಎಡಕ್ಕೊಡಿ, ಈಗ ಬುಡು, ಬುಡು, ಬುಡು" ಎಂದು ದಾರಿ ತೋರಿಸಬೇಕಾಯಿತು.

ಸರ್ವಿಸ್ ಸೆಂಟರಿನ ಗೇಟಿನಲ್ಲಿ ಮಹೇಶ್‌ಕುಮಾರ್ ಎಂಬ ಹುಡುಗ, ಬಂದ ಗಾಡಿಗಳ ವಿಚಾರಣೆಗೆ ನಿಂತವನು, "ರಿವರ್ಸಲ್ಲಿ ಒಳಗೆ ಹಾಕಿ ಸಾರ್" ಎಂದ.

"ಅದಾಗೋ ಅಂಗಿದ್ರೆ ನಾನ್ಯಾಕೆ ನಿಮ್ಮೂರಿಗೆ ಬತ್ತಿದ್ದೆ ಸ್ವಾಮಿ?"

ಗೇರ್ ಬಾಕ್ಸ್ ಇಳಿಸಿ ಬಿಚ್ಚಿದರು. ಮಹೇಶ್‌ಕುಮಾರ್ ಬಗ್ಗಿ ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಮುಂದಕ್ಕೆ ಹೋಗುವ ಗೇರುಗಳೆಲ್ಲ ಹಸೆಮಣೆಯ ಮೇಲಿನ ಮದುಮಗಳ ಹಾಗೆ ಹೊಳೆಯುತ್ತಿದ್ದವು. ರಿವರ್ಸಿನ ಗೇರು ಮಾತ್ರ ಎಲೆಯಡಿಕೆಯನ್ನೂ ಕುಟ್ಟಿಸಿಕೊಂಡು ತಿನ್ನುವ ಮುದುಕಿಯ ಬಾಯಿಯಂತಿತ್ತು. ಒಂದು ಹಲ್ಲೂ ನೆಟ್ಟಗಿರಲಿಲ್ಲ.

"ಸಾರ್, ಈ ಗಾಡೀನ ಏನು ಮಾಡ್ತೀರಿ?"

"ಓಡಿಸ್ತೀನಿ."

"ಯಾವ ಕಡೆಗೆ?"

ಕಂಠಪ್ಪ ಹೆಬ್ಬೆರಳಿನಿಂದ ಹೆಗಲ ಹಿಂದಕ್ಕೆ ತೋರಿಸಿದ. ಮಹೇಶ್‌ಕುಮಾರನಿಗೆ ಅರ್ಥವಾಯಿತು. ಒಳ್ಳೆಯ ಹುಡುಗ, ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದ: "ನೋಡಿ ಅಣ್ಣ, ಮಾಲು ಸರಿಯಿಲ್ಲದೆ ಹಲ್ಲು ಹೋಗಿದ್ರೆ ಕಂಪನಿ ಹೊಸಾ ಬಾಕ್ಸ್ ಕೊಡತ್ತೆ. ನೀವೇ ಸವೆಸಿದ್ರೆ ಕೊಡಲ್ಲ. ಮೈಸೂರಿಂದ ಇಂಜಿನಿಯರ್ ಮೇಡಂ ನಿಮ್ಮೂರಿಗೇ ಬಂದು ನೋಡ್ತಾರೆ. ಕೇಳಿದ್ರೆ, ನಿಲ್ಲಿಸುವಾಗ ಮಾತ್ರ ಚೂರು ರಿವರ್ಸ್ ಹಾಕ್ತೀನಿ ಅನ್ನಿ. ಅದಕ್ಕಿಂತ ಜಾಸ್ತಿ ಬಾಯಿ ಬಿಡಬೇಡಿ."

"ನಾನು ಮಾತಾಡೋನೇ ಅಲ್ಲ ಬುಡಿ," ಎಂದ ಕಂಠಪ್ಪ. ಆ ದಿನದ ಅತಿ ದೊಡ್ಡ ಸುಳ್ಳು ಅದೇ.

ಗೇರ್ ಬಾಕ್ಸ್ ಮುಚ್ಚಿ ಕೊಟ್ಟರು. ಮುಂದಕ್ಕೆ ಹೋಗುವ ಗಾಡಿ ಮುಂದಕ್ಕೆ ಹೋಗುತ್ತ ಊರಿಗೆ ಬಂತು. ಹೆಂಗಸರು ಗೊಣಗುತ್ತ ತಳ್ಳುವುದೂ ಮುಂದುವರಿಯಿತು.

ತಿಂಗಳ ಕೊನೆಗೆ ಇಂಜಿನಿಯರ್ ಬಂದರು. ಸಂಘಮಿತ್ರ ಎಂದು ಹೆಸರು, ಪಿರಿಯಾಪಟ್ಟಣದವರು, ಚುರುಕಾದ ಹೆಣ್ಣುಮಗಳು. ಕಂಪನಿಯ ಕಾರನ್ನು ತಾವೇ ಓಡಿಸಿಕೊಂಡು ಓಣಿಯೊಳಗೆ ಬಂದು ಗುಡಿಯ ಮುಂದೆ ನಿಲ್ಲಿಸುವಷ್ಟರಲ್ಲಿ ಹಣೆಯ ಮೇಲೆ ಬೆವರು. ಎಮ್ಮೆ ಒಂದು ಕಡೆ, ಒರಳುಕಲ್ಲು ಇನ್ನೊಂದು ಕಡೆ. ರಜಾದಿನವಾದ್ದರಿಂದ ಪುಟ್ಟಮಾದಮ್ಮನ ಗುಂಪೆಲ್ಲ ಅಂಗಳದಲ್ಲೇ ಇತ್ತು. ತೀರ್ಪು ಕೇಳದೆ ಅವರಾದರೂ ಎಲ್ಲಿಗೆ ಹೋದಾರು?

ಕಂಠಪ್ಪ ತುಟಿಗಳನ್ನು ಒಳಕ್ಕೆ ಮಡಚಿಕೊಂಡು ನಿಂತಿದ್ದ. ಬಾಯಿ ತಾನಾಗಿ ತೆರೆದುಕೊಳ್ಳದಿರಲೆಂದು ಒಂದು ಕೈಯಿಂದ ಗಲ್ಲ ಒತ್ತಿಹಿಡಿದಿದ್ದ.

"ರಿವರ್ಸ್ ಎಷ್ಟು ಉಪಯೋಗಿಸ್ತೀರಿ?" ಎಂದರು ಸಂಘಮಿತ್ರ.

"ನಿಲ್ಸೋವಾಗ. ಒಂಚೂರು."

ಅವರು ಸುತ್ತ ಕಣ್ಣಾಡಿಸಿದರು. ಓಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ನನಗೂ ಹಾಗೇ ಅನ್ಸತ್ತೆ. ಹುಣಸೂರಿನವರು ಕಳಿಸಿದ ಹಲ್ಲಿನ ಫೋಟೋ ನೋಡಿದ್ರೆ ಗೇರಿನ ಕಬ್ಬಿಣದ್ದೇ ದೋಷ ಇರಬೇಕು. ಸರಿ, ಹೊಸ ಬಾಕ್ಸಿಗೆ ಬರೀತೀನಿ."

ಅಂಗಳದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಚಿವುಟಿಕೊಂಡರು. ಚಾಮುಂಡಮ್ಮ ಗುಡಿಯ ಕಡೆ ಕೈಮುಗಿದಳು. ಕೆಲಸ ಆಗಿಹೋಗಿತ್ತು. ಸಂಘಮಿತ್ರ ಅಷ್ಟಕ್ಕೇ ಕಾರು ಹತ್ತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅವರು ಪೆನ್ನಿನ ಮುಚ್ಚಳ ತೆಗೆಯುತ್ತ, ತಮ್ಮ ಪಾಡಿಗೆ ತಾವು, "ಈ ಓಣೀಲಿ ರಿವರ್ಸ್ ಹೋಗೋಕೆ ಯಾರಿಂದಾದ್ರೂ ಸಾಧ್ಯನಾ? ನಮ್ಮ ಕಂಪನಿ ಟೆಸ್ಟ್ ಡ್ರೈವರ್ ಕೈಲೂ ಆಗಲ್ಲ" ಎಂದುಬಿಟ್ಟರು.

ಕಂಠಪ್ಪನ ಕೈ ಗಲ್ಲದಿಂದ ಜಾರಿತು.

"ಯಾರಿಂದಾದ್ರೂ ಅಂದ್ರಾ ಮೇಡಮ್ಮೋರೆ?"

"ಬ್ಯಾಡ ಕಣ್ಲಾ!" ಎಂದಳು ಪುಟ್ಟಮಾದಮ್ಮ.

"ಕಂಠಪ್ಪ, ನಾಲಿಗೆ ಕಚ್ಕೊಳ್ಲಾ ನನ್ ಮಗನೇ!" ಎಂದಳು ಚಾಮುಂಡಮ್ಮ.

"ಅಲ್ಲ ಕಣವ್ವ, ಟೆಸ್ಟ್ ಡ್ರೈವರ್ ಅಂತಾರಲ್ಲ! ಕೊಡಿ ಮೇಡಮ್ಮೋರೆ ನಿಮ್ ಕಾರ್ ಕೀನ."

ಅವರು ಕೊಟ್ಟರೋ, ಇವನೇ ತೆಗೆದುಕೊಂಡನೋ, ಅಂತೂ ಮರುಕ್ಷಣ ಕಂಪನಿಯ ಕಾರು ಹಿಂದಕ್ಕೆ ಹೊರಟಿತ್ತು, ಪಕ್ಕದ ಸೀಟಿನಲ್ಲಿ ಸಂಘಮಿತ್ರ. ಅಷ್ಟು ದಿನ ಕಟ್ಟಿಹಾಕಿದ್ದ ಆಸೆಯೆಲ್ಲ ಅವನ ಕತ್ತಿಗೆ ಬಂದಿತ್ತು. ಒರಳುಕಲ್ಲಿನ ಹತ್ತಿರ, "ಇಲ್ಲಿ ಒಂದು ಬೆಳ್ಳು ಎಡಕ್ಕೆ" ಎಂದ. ಎಮ್ಮೆಯ ಹತ್ತಿರ, "ಇವಳು ಬಾಲ ಎತ್ತೋಗಂಟ ತಡೀಬೇಕು, ಈಗ ಎತ್ತಿದ್ಲು, ನಡೀರಿ" ಎಂದ. ಜಗಲಿಯ ಮೇಲೆ ಕುಳಿತಿದ್ದ ಅಜ್ಜನೊಬ್ಬ ಕಾಲು ಕೂಡ ಮಡಚಿಕೊಳ್ಳಲಿಲ್ಲ, ಅವನಿಗೆ ಗೊತ್ತು. ಕಾರು ಕೆನೆಯ ಮೇಲೆ ಬೆರಳು ಆಡಿಸಿದ ಹಾಗೆ ಓಣಿಯುದ್ದಕ್ಕೂ ಜಾರಿ ತೊಂಬೆಯ ಪಕ್ಕ ನಿಂತಿತು. ಹಿಂದಿನ ಬಂಪರಿಗೂ ತೊಂಬೆಗೂ ನಡುವೆ ಇರುವೆಗಳ ಸಾಲು ಓಡಾಡುವಷ್ಟು ಜಾಗ. ಇರುವೆಗಳು ಓಡಾಡುತ್ತಲೂ ಇದ್ದವು.

"ದಿನಾ ಇಂಗೇ ಕಣ್ರೀ," ಎಂದು ಎದೆಯುಬ್ಬಿಸಿ ಹೇಳಿದವನು ಅರ್ಧದಲ್ಲೇ ನಿಂತ. ತಾನು ಏನು ಹೇಳಿದೆ ಎನ್ನುವುದು ಆಗ ತಲೆಗೆ ಹೋಯಿತು. ಎದೆ ಮೆಲ್ಲಗೆ ತಗ್ಗಿತು. ಓಡಿಬಂದ ಹೆಂಗಸರು ಹಣೆ ಚಚ್ಚಿಕೊಂಡರು.

"ಒಸಾ ಬಾಕ್ಸ್ ಸಿಕ್ತು ಅನ್ನೋವಾಗ ಕೆಡಿಸ್ಕೊಂಡಲ್ಲೋ ಮಂಕೆ," ಎಂದಳು ಪುಟ್ಟಮಾದಮ್ಮ. "ಓಗ್ಲಿ ಬುಡು, ಕಾಂತರಾಜಂಗೆ ಏಳಿಕಳಿಸ್ತೀನಿ."

"ದಿನಾನಾ?" ಎಂದರು ಸಂಘಮಿತ್ರ. ಅವರ ದನಿ ಕೋಪದ್ದೋ ಬೆರಗಿನದೋ ತಿಳಿಯುವಂತಿರಲಿಲ್ಲ. "ಎರಡು ವರ್ಷದಿಂದ, ದಿನಾ ಇಷ್ಟು ದೂರಾನಾ? ಯಾಕೆ?"

ಏದುಸಿರು ಬಿಡುತ್ತ ಬಂದ ಚಾಮುಂಡಮ್ಮ ಹರಕೆಯ ಸಂಗತಿ ಹೇಳಿದಳು. "ಅವನದೇನೂ ತಪ್ಪಿಲ್ಲ ಕಣವ್ವ. ಬಯ್ಯಂಗಿದ್ರೆ ನನ್ನ ಬಯ್ಯಿ. ನಮ್ ತಾಯಿಗೆ ಬೆನ್ನು ತೋರ್ಸಬಾರ್ದು ಅಂತ ನಾನೇ ಏಳಿದ್ದು."

ಸಂಘಮಿತ್ರ ಬರೆದಿದ್ದನ್ನು ಹೊಡೆದುಹಾಕಿದರು. "ನಾನು ಇದ್ದದ್ದನ್ನೇ ಬರೀಬೇಕಾಗತ್ತೆ ಕಂಠಪ್ಪನವರೇ. ಕೊಡ್ತಾರೆ ಅಂತ ಹೇಳೋಕಾಗಲ್ಲ."

"ಬರೀರಿ ಮೇಡಮ್ಮೋರೆ. ಆದ್ರೆ ಎಲ್ಲೂ ತಾಗಿಸ್ಲಿಲ್ಲ ಅನ್ನೋದ್ನೂ ಬರೀರಿ."

ಆಮೇಲಿನ ದಿನಗಳಲ್ಲಿ ಕಂಠಪ್ಪ ಎಷ್ಟು ಸೊರಗಿದನೆಂದರೆ ಕನ್ನಡಿಯಲ್ಲಿ ನೋಡಿಕೊಂಡರೆ ಕನ್ನಡಿಯೇ ಕಾಣುತ್ತಿತ್ತು. ಕಾಂತರಾಜು ತನ್ನ ಗಾಡಿಗೆ ಹೊಸ ಸೀಟಿನ ಬಟ್ಟೆ ಹಾಕಿಸಿದ. ಹೆಂಗಸರು ಇನ್ನೂ ಕಂಠಪ್ಪನ ಗಾಡಿಯನ್ನೇ ತಳ್ಳುತ್ತಿದ್ದರು, ಕಾರಣ ಕೇಳಿದರೆ ಪುಟ್ಟಮಾದಮ್ಮ, "ಕಂಪನಿಯೋರು ಏನಂತಾರೋ ಕೇಳ್ಬುಟ್ಟು ಓಗುವ" ಎನ್ನುತ್ತಿದ್ದಳು. ಕಾರು ಓಣಿಯಲ್ಲಿ ಹಿಂದಕ್ಕೆ ಜಾರಿದ್ದನ್ನು ಕಂಡ ಮೇಲೆ ಆಕೆಯ ದನಿಯ ಖಾರ ಒಂಚೂರು ಕಡಿಮೆಯಾಗಿತ್ತು.

ಫೋನು ಬಂದಾಗ ಅವನು ಪಿರಿಯಾಪಟ್ಟಣದ ಕಡೆಯ ಹೊಲವೊಂದರ ಬದುವಿನಲ್ಲಿದ್ದ. ಸಂಘಮಿತ್ರರದೇ ದನಿ, ನಗು ತಡೆದುಕೊಂಡ ದನಿ.

"ನಿಮ್ಮ ರಿಪೋರ್ಟ್ ಕಾರ್ಖಾನೆಯವರೆಗೂ ಹೋಯ್ತು. ಅಲ್ಲಿ ಯಾರೂ ನಂಬಲಿಲ್ಲ. ರಿವರ್ಸ್ ಗೇರನ್ನ ಇಷ್ಟು ದೂರ ಓಡಿಸಿ ಪರೀಕ್ಷೆ ಮಾಡೋದು ಅವರಿಗೇ ಹೊಳೆದಿರಲಿಲ್ವಂತೆ. ಗೇರು ಎಲ್ಲಿವರೆಗೆ ತಡೀತು, ಹೇಗೆ ಸವೀತು ಅಂತ ಬಿಚ್ಚಿ ನೋಡಬೇಕಂತೆ. ನಿಮ್ಮ ಹಳೇ ಬಾಕ್ಸ್ ಅವರಿಗೆ ಕೊಡಿ, ಹೊಸದು ಅವರೇ ಹಾಕಿಕೊಡ್ತಾರೆ."

"ಗ್ಯಾರಂಟೀಲಾ?"

"ಗ್ಯಾರಂಟೀಲಲ್ಲ. ಅವರಿಗೆ ಬೇಕಾಗಿದೆ, ಅದಕ್ಕೆ. ಆದ್ರೆ ಒಂದು ಮಾತು, ಇದು ಒಂದೇ ಸಲ. ಮತ್ತೆ ಓಣಿಯುದ್ದ ರಿವರ್ಸ್ ಹೋಗಿ ಸವೆಸಿದ್ರೆ ನಾನೂ ಇಲ್ಲ, ಕಂಪನೀನೂ ಇಲ್ಲ."

ಕಂಠಪ್ಪ ಹೊಲದಲ್ಲೇ ಕೂಗು ಹಾಕಿದ. ಅದು ಕಾಕನಕೋಟೆಯ ಕಾಡಿಗೆ ಕೇಳಿಸಿ ಆನೆಯೊಂದು ತಿರುಗಿ ಕೂಗಿತಂತೆ. ಹೆಂಗಸರು ಸೊಪ್ಪಿನ ಹೊರೆ ಕೆಳಗಿಟ್ಟು ನಕ್ಕರು. ಕಾಂತರಾಜನ ಗಾಡಿ ಹತ್ತುವ ಮಾತನ್ನು ಪುಟ್ಟಮಾದಮ್ಮ ಹೊಲದಲ್ಲೇ ಬಿಟ್ಟಳು, ಮತ್ತೆ ಎತ್ತಲಿಲ್ಲ.

ಹೊಸ ಬಾಕ್ಸ್ ಕೂತಿತು. ಆದರೆ ಹರಕೆ? ಗಾಡಿ ಗುಡಿಯ ಮುಂದೆಯೇ ಮಲಗಬೇಕು, ಬೆನ್ನು ತೋರಿಸಬಾರದು, ಓಣಿಯುದ್ದ ಹಿಂದಕ್ಕೂ ಹೋಗಬಾರದು. ಬೆಳಗ್ಗೆ ಅಂಗಳದಲ್ಲಿ ಎಲ್ಲರೂ ಒಮ್ಮೆ ಗಾಡಿಯನ್ನು, ಒಮ್ಮೆ ದೇವಿಯನ್ನು ನೋಡುತ್ತ ನಿಂತಾಗ ಚಾಮುಂಡಮ್ಮ ಗುಡಿಯೊಳಗೆ ಹೋಗಿ, ಅಲಂಕಾರದ ಹೊತ್ತಿಗೆ ಹಾಕುವ ಕೆಂಪು ತೆರೆಯನ್ನು ಸರ್ರನೆ ಎಳೆದಳು.

"ತಾಯಿ ಸೀರೆ ಉಡ್ತಾವ್ಳೆ. ಈಗ ಯಾರ್ನೂ ನೋಡಕಿಲ್ಲ. ಬಿರ್ರನೆ ತಿರುಗ್ಸಿ ತೊಂಬೆ ದಾಟ್ಬುಡು."

"ಅವ್ವ! ಇದು ಎರಡು ವರ್ಷದ ಇಂದೆ ಒಳೀಬಾರ್ದಿತ್ತಾ?"

"ನೀನು ಇಂದ್ಕೋಗೋದು ನೋಡಕ್ಕೆ ಚೆಂದಾಗಿತ್ತು ಕಣ್ಲಾ, ಅದ್ಕೇ ಒಳೀಲಿಲ್ಲ."

ಈಗ ಹೊಂಗೆಕೊಪ್ಪಲಿನಲ್ಲಿ ದಿನವೂ ನಡೆಯುವುದು ಇಷ್ಟು. ಚಾಮುಂಡಮ್ಮ ತೆರೆ ಎಳೆಯುತ್ತಾಳೆ. ಕಂಠಪ್ಪ ಅಂಗಳದಲ್ಲಿ ಒಮ್ಮೆ ಹಿಂದಕ್ಕೆ ಬಿಟ್ಟು ಗಾಡಿ ತಿರುಗಿಸಿ, ಬೇರೆಯವರಂತೆ ಮುಂದಕ್ಕೆ ಹೊರಡುತ್ತಾನೆ. ಮೊದಲ ವಾರ ಹಾಡು ಚೂರೇ ಕೇಳಿಸಿ, ಊರಿಗೆ ಊರೇ ಬಿಸಿಲೇರುವವರೆಗೆ ಮಲಗಿ ಗಲಾಟೆಯಾಯಿತು. ಕೂಗುವುದು ಮರೆತ ಹುಂಜಗಳನ್ನು ನಂಬುವ ಹಾಗಿರಲಿಲ್ಲ. ಹಾಗಾಗಿ ಅವನು ಗಾಡಿ ತಿರುಗಿಸುವ ಮೊದಲು ಕ್ಲಚ್ ಒತ್ತಿಹಿಡಿದು, ರಿವರ್ಸಿಗೆ ಹಾಕಿ, ನಿಂತಲ್ಲೇ ಹಾಡು ಪೂರ್ತಿ ಮುಗಿಯುವವರೆಗೆ ಕೂತಿರುತ್ತಾನೆ. ಹಾಡುತ್ತಿರುವಷ್ಟು ಹೊತ್ತೂ ಕತ್ತು ಬಲಗಡೆ ಕಿಟಕಿಯ ಹೊರಗೆ, ಕಣ್ಣು ಓಣಿಯ ತುದಿಯ ತೊಂಬೆಯ ಮೇಲೆ.

"ಆಯ್ತಲ್ಲ, ತಿರುಗ್ಸು ಕಣ್ಲಾ," ಎನ್ನುತ್ತಾಳೆ ಪುಟ್ಟಮಾದಮ್ಮ ಹಿಂದಿನಿಂದ. "ಅಲ್ಲಿ ಸೊಪ್ಪು ಅಣ್ಣಾಗಿ ಉದ್ರೋಯ್ತದೆ."